ಖಾದರಣ್ಣನ ಬೆನ್ನಿಗೆ ಕಾಲಿಟ್ಟ ಮಧ್ಯಾಹ್ನ

ದೆವ್ವ, ಗಾಳಿ, ಕೈಗುಣ, ಕಾಲ್ಗುಣ ಇವೆಲ್ಲ ಕೆಲಸವಿಲ್ಲದವರ ಮಾತು ಅಂತಲೇ ಬದುಕಿದವನು ನಾನು. ತಮಾಷೆ ನೋಡಿ, ಜನ ನಂಬಿದ್ದು ನನ್ನ ಕಾಲನ್ನೇ. ನಾನು ತಾಯಿ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವನು. ಹಿಡಿದುಕೊಂಡ ಬೆನ್ನಿಗೆ, ಸೊಂಟಕ್ಕೆ ಅಂಥವರು ಮೂರು ಸಲ ಮೆಲ್ಲಗೆ ಒದ್ದರೆ ನೋವು ಬಿಟ್ಟುಹೋಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ನಾನು ಬಸ್ ಕಂಡಕ್ಟರ್, ರಾಮನಗರದಿಂದ ಕನಕಪುರದ ಮೇಲೆ ಸಾತನೂರಿಗೆ ಹೋಗುವ ಗಾಡಿ. ಯಾವುದೋ ಅಜ್ಜಿ ಇಳಿಯುವಾಗ "ಕಂಡಕ್ಟ್ರಪ್ಪ, ಒಸಿ ಒದ್ದುಬುಡಪ್ಪ" ಅಂತ ಬೆನ್ನು ಕೊಟ್ಟು ನಿಂತುಬಿಡೋಳು. ಬಸ್ಸು ತುಂಬ ಜನರ ಎದುರು ಅಜ್ಜಿಗೆ ಒದೆಯೋ ಕರ್ಮ! ಒದೆಯದಿದ್ದರೆ ಇಳಿಯೋಳಲ್ಲ. ಒದ್ದು, ನಕ್ಕು, ವಿಷಲ್ ಊದುತ್ತಿದ್ದೆ.

ನಮ್ಮ ಡ್ರೈವರ್ ಖಾದರಣ್ಣ ರಾಮನಗರದವನು. ಹೆಂಡತಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವನು. ಬಾಯಿ ತೆರೆದರೆ ಬೈಗುಳ, ಆದರೆ ಒಂದು ಕೋಳಿಮರಿಗೂ ಗಾಡಿ ತಾಗಿಸಿದವನಲ್ಲ. ಎಂಟು ವರ್ಷ ಒಂದೇ ಗಾಡಿಯಲ್ಲಿ ಓಡಾಡಿದೆವು. ಸ್ವಂತ ಅಣ್ಣನ ಜೊತೆಗೂ ನಾನು ಅಷ್ಟು ಮಾತಾಡಿದವನಲ್ಲ.

ಕೊನೆಯ ವರ್ಷ ಅವನಿಗೆ ಏನೋ ಹಿಡಿಯಿತು. ಚೆನ್ನಾಗಿ ಗಾಡಿ ಓಡಿಸುತ್ತಿದ್ದವನು ಇದ್ದಕ್ಕಿದ್ದಂತೆ ಪಕ್ಕಕ್ಕೆ ಹಾಕಿ ಸ್ಟಿಯರಿಂಗ್ ಮೇಲೆ ತಲೆ ಇಡುತ್ತಿದ್ದ. ಮುಖ ಸುಣ್ಣದಂತೆ ಬಿಳಿಚಿಕೊಂಡು, ಮೈಯೆಲ್ಲ ಬೆವರು, ಎದೆ ಡವಡವ, ತಲೆ ಸಿಡಿಯುವ ನೋವು. "ಹೆದರಿಕೆ ಆಯ್ತದೆ ಕಣ್ಲಾ. ಯಾತಕ್ಕೆ ಅಂತ ಕೇಳ್ಬೇಡ, ಗೊತ್ತಿಲ್ಲ" ಅನ್ನುತ್ತಿದ್ದ. ಕಾಲು ಗಂಟೆ ಕಳೆದರೆ ಏನೂ ಆಗೇ ಇಲ್ಲದ ಹಾಗೆ ಎದ್ದು ಬೀಡಿ ಹಚ್ಚೋನು. ಒಬ್ಬ ಡಾಕ್ಟರು ಗ್ಯಾಸ್ ಅಂದರು. ಇನ್ನೊಬ್ಬರು ಬಿ.ಪಿ. ನೋಡಿದರು, ಆಗ ಸರಿಯಾಗೇ ಇತ್ತು. ದೊಡ್ಡಾಸ್ಪತ್ರೆಗೆ ಹೋಗೋಣ ಅಂದರೆ ಬೇಡ ಅಂತ ಕೈಮುಗಿದ. ಕಾಯಿಲೆ ಅಂತ ಗೊತ್ತಾದರೆ ಸ್ಟಿಯರಿಂಗಿನಿಂದ ಇಳಿಸುತ್ತಾರೆ ಅನ್ನೋ ಭಯ. ನಾನೂ ಬಾಯಿ ಮುಚ್ಚಿಕೊಂಡೆ. ಗಾಡಿ ನಿಂತಾಗಲೆಲ್ಲ ಟೈರ್ ನೋಡುತ್ತಿದ್ದಾರೆ ಅಂತ ಪ್ಯಾಸೆಂಜರಿಗೆ ಸುಳ್ಳು ಹೇಳುತ್ತಿದ್ದೆ. ಅದು ನನ್ನ ಮೊದಲ ತಪ್ಪು.

ಆ ದಿನ ಸಾತನೂರಿನಲ್ಲಿ ಮಧ್ಯಾಹ್ನದ ಹಾಲ್ಟ್. ಜನ ಎಲ್ಲ ಇಳಿದಿದ್ದರು. ಎಡಗಡೆ ಪಕ್ಕೆಯ ಕೆಳಗೆ ಬೆನ್ನು ಹಿಡಿದಿದೆ ಅಂತ ಅವನು ಬೆಳಗ್ಗೆಯಿಂದ ನರಳುತ್ತಿದ್ದ. ಹಿಂದಿನ ಉದ್ದ ಸೀಟಿನ ಮೇಲೆ ಬೋರಲು ಮಲಗಿ, "ಊರೋರಿಗೆಲ್ಲಾ ಒದೀತೀಯ, ನನಗೆ ಒಂದ್ಸಲ ಒದಿಯಕ್ಕೆ ಏನ್ಲಾ ರೋಗ ನಿಂಗೆ?" ಅಂದ. ನನಗೆ ನಗು ಬಂತು. ಚಪ್ಪಲಿ ಬಿಟ್ಟು ಕಾಲಿಟ್ಟೆ. ಒಂದು ಸಲ. ಎರಡು ಸಲ. "ಒಸಿ ಜೋರಾಗಿ" ಅಂದ. ಮೂರನೆಯ ಸಲ ಭಾರ ಬಿಟ್ಟು ಒತ್ತಿದೆ.

ಆಗ ಆದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಅಂಗಾಲಿನಿಂದ ಒಂದು ಭಯ ಮೇಲಕ್ಕೆ ಹತ್ತಿತು. ಮೊಣಕಾಲು, ಹೊಟ್ಟೆ, ಎದೆ. ಎದೆ ಕಿತ್ತುಬರುವಂತೆ ಬಡಿಯಿತು, ಬೆವರು ಕಣ್ಣಿಗಿಳಿಯಿತು. ಯಾವುದಕ್ಕೆ ಹೆದರಿದೆ? ಎದುರಿಗೆ ಏನೂ ಇಲ್ಲ, ಬಿಸಿಲು, ಖಾಲಿ ಸೀಟು. ಆದರೂ ಎಲ್ಲ ಮುಗಿಯಿತು, ಇನ್ನೇನೂ ಉಳಿದಿಲ್ಲ ಅನ್ನೋದು ಖಂಡಿತವಾಗಿ ಗೊತ್ತಾಯಿತು. ಖಾದರಣ್ಣ ಆಗ ಇನ್ನೂ ಸುಮ್ಮನೆ ಮಲಗಿದ್ದ. ಒಂದೆರಡು ಉಸಿರು ಕಳೆದ ಮೇಲೆ ಅವನು ನರಳಿ ಹೊರಳಿದ. ಬಿಳಿಚಿದ ಮುಖದಲ್ಲಿ ಕಣ್ಣು ದೊಡ್ಡದು ಮಾಡಿ ನನ್ನನ್ನೇ ನೋಡಿ ಕೇಳಿದ:

"ನಿಂಗೂ ಬಂತಾ?"

ಅದೇ ಅವನ ಕೊನೆಯ ಮಾತು. ಯಾರದೋ ಜೀಪಿನಲ್ಲಿ ಹಾಕಿಕೊಂಡು ಹೊರಟೆವು. ಕನಕಪುರ ಮುಟ್ಟುವ ಮೊದಲೇ ನನ್ನ ತೊಡೆಯ ಮೇಲೆ ಅವನ ತಲೆ ಭಾರವಾಯಿತು.

ಡ್ಯೂಟಿಯಲ್ಲಿ ಹೋದವನು, ಹಾಗಾಗಿ ಪೋಸ್ಟ್‌ಮಾರ್ಟಂ ಆಯಿತು. ಡಾಕ್ಟರು ಸಮಾಧಾನವಾಗಿ ತಿಳಿಸಿ ಹೇಳಿದರು. ಮೂತ್ರಪಿಂಡದ ಮೇಲೆ ಟೋಪಿಯಂತೆ ಒಂದು ಗ್ರಂಥಿ ಇರುತ್ತದಂತೆ. ಅದರೊಳಗೆ ಕ್ರೋಮಾಫಿನ್ ಅನ್ನೋ ಜೀವಕೋಶಗಳು. ಕ್ರೋಮಿಯಂ ಉಪ್ಪಿನ ನೀರಿಗೆ ಹಾಕಿದರೆ ಕಂದುಬಣ್ಣಕ್ಕೆ ತಿರುಗುತ್ತವೆ, ಅದಕ್ಕೆ ಆ ಹೆಸರು. ಹಾವು ಕಂಡಾಗ ಎದೆ ಬಡಿಯೋದು, ಬೆವರೋದು ಎಲ್ಲ ಅವು ರಕ್ತಕ್ಕೆ ಬಿಡುವ ಅಡ್ರಿನಲಿನ್‌ನಂಥ ಹಾರ್ಮೋನಿನ ಕೆಲಸ. ಖಾದರಣ್ಣನಿಗೆ ಎಡಗಡೆ ಆ ಕೋಶಗಳೇ ಬೆಳೆದು ನಿಂಬೆಹಣ್ಣಿನಷ್ಟು ಗೆಡ್ಡೆಯಾಗಿತ್ತು. ಹಾವಿಲ್ಲದೆಯೇ ಅದು ಹೆದರಿಕೆಯನ್ನು ಸುರಿಯುತ್ತಿತ್ತು. ಮೊದಲೇ ಗೊತ್ತಾಗಿದ್ದರೆ ಔಷಧಿ ಕೊಟ್ಟು, ಆಪರೇಷನ್ ಮಾಡಿ ತೆಗೆಯಬಹುದಿತ್ತಂತೆ. "ಒತ್ತಿದರೆ ಎಲ್ಲ ಒಂದೇ ಸಲ ರಕ್ತಕ್ಕೆ ನುಗ್ಗಿಬಿಡುತ್ತೆ. ಯಾರಾದರೂ ಅಲ್ಲಿ ಒತ್ತಿದ್ರಾ?" ಅಂತ ಕೇಳಿದರು.

"ಇಲ್ಲ ಸಾರ್" ಅಂದೆ.

ಅವನದು ಹೀಗೆ ತಿಳಿಯಿತು. ನನ್ನದು? ತಿಂಗಳಾದ ಮೇಲೆ ಬೆಂಗಳೂರಿಗೆ ಹೋಗಿ ರಕ್ತ, ಮೂತ್ರ, ಎಲ್ಲ ಪರೀಕ್ಷೆ ಮಾಡಿಸಿದೆ. ಗೆಡ್ಡೆಯಿಲ್ಲ, ಏನೂ ಇಲ್ಲ. ಜೊತೆಗಾರ ಒದ್ದಾಡೋದು ಕಂಡು ಹೆದರಿದ್ದೀಯ, ಅಷ್ಟೇ ಅಂದರು ಅಲ್ಲಿನ ಡಾಕ್ಟರು. ನಾನು ಹೆದರಿದಾಗ ಅವನಿನ್ನೂ ಒದ್ದಾಡಿರಲಿಲ್ಲವಲ್ಲ! ಒಬ್ಬರ ರಕ್ತಕ್ಕೆ ಬಿದ್ದದ್ದು ಇನ್ನೊಬ್ಬರ ಅಂಗಾಲಿಗೆ ಹೇಗೆ ಹತ್ತುತ್ತದೆ? ಎಷ್ಟೋ ವರ್ಷವಾಯಿತು, ಕೇಳಿದವರೆಲ್ಲ ತಲೆ ಆಡಿಸುತ್ತಾರೆ, ಉತ್ತರ ಯಾರ ಹತ್ತಿರವೂ ಇಲ್ಲ. ನಾನೂ ಹುಡುಕೋದು ಬಿಟ್ಟಿದ್ದೇನೆ. ಸಿಕ್ಕರೂ ಅವನು ಎದ್ದು ಬರುತ್ತಾನೆಯೇ?

ಅವನು ಹೋದ ನಲವತ್ತನೇ ದಿನದ ಕಾರ್ಯಕ್ಕೆ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಬಿಸಿನೀರಲ್ಲಿ ನೂಲೆಳೆದು ಬೆಂದ ಬೆರಳುಗಳಲ್ಲಿ ಟೀ ತಂದುಕೊಟ್ಟು, ಬಾಗಿಲ ಪಕ್ಕ ಕೂತು ಅತ್ತರು.

"ನಿಮ್ಮ ಕಾಲ್ಗುಣ ದೊಡ್ಡದು ಅಂತ ಯಾವಾಗ್ಲೂ ಹೇಳೋರು ಭಾಯಿ. ನಾನೂ ಒಂದ್ಸಲ ಒದೆಸ್ಕೋಬೇಕು ಅಂತಿದ್ರು. ಅವ್ರಿಗೊಂದ್ಸಲ ಕಾಲು ಮುಟ್ಟಿಸಿದ್ದಿದ್ರೆ ಉಳ್ಕೋತಿದ್ರೋ ಏನೋ."

ನಾನು ಟೀ ಕುಡಿದೆ. ಲೋಟ ಕೆಳಗಿಟ್ಟು, "ಹೌದಮ್ಮ, ತಪ್ಪಾಯ್ತು" ಅಂದೆ.