ಫೆಸ್ಟಸ್ ಕಲ್ಲು ಆಯಲು ಹೋದದ್ದು

ಐರ್ಲೆಂಡಿನ ಕಡಲ ದಂಡೆಯಲ್ಲಿ ಫೆಸ್ಟಸ್‌ನ ಮನೆಯವರು ಬರಿಬಂಡೆಯ ಮೇಲೆ ಮರಳು, ಕಡಲಪಾಚಿ ಹೊತ್ತು ಹಾಕಿ ಆಲೂಗಡ್ಡೆಗೆ ಮಣ್ಣು ಮಾಡಿಕೊಂಡವರು. ವಲಸೆ ಬಂದು ಅಮೆರಿಕದ ಹುಲ್ಲುಗಾವಲಿನಲ್ಲಿ ಮೊದಲ ಸಲ ನೇಗಿಲು ಹೂಡಿದ ದಿನವೂ ಅವನು ಕಲ್ಲು ಆಯಲು ಬುಟ್ಟಿ ತಂದಿದ್ದ. ಹೆಂಡತಿ ಹನೋರಾ ಎತ್ತು ಹೊಡೆದಳು. ಸಂಜೆಯಾದರೂ ಬುಟ್ಟಿ ಖಾಲಿ. ಫೆಸ್ಟಸ್ ಬೂಟು ಕಳಚಿ ಕೈಯಲ್ಲಿ ಹಿಡಿದು ನಿಂತ.

"ಯಾಕೋ ಮಾರಾಯ, ಬೂಟು ಕಚ್ತಾ?"

"ಇಲ್ಲ ಕಣೇ. ಇಂಥಾ ಮಣ್ಣನ್ನ ಬೂಟುಗಾಲಲ್ಲಿ ತುಳಿಯೋದು ಹೆಂಗೆ?"

"ಹುಚ್ಚಪ್ಪಾ! ನಾಳೆ ಹಾರ್ಕೊಂಡು ಉಳ್ತೀಯೇನೋ!"

ನಗುತ್ತಲೇ ಹನೋರಾ ಬಗ್ಗಿ ಉತ್ತ ಸಾಲಿಗೆ ಕೈಹಾಕಿದಳು. ಮುಂಗೈ ಪೂರ್ತಿ ಕರಿಮಣ್ಣಿನಲ್ಲಿ ಮುಳುಗಿತು.

ಮುಪ್ಪಿನಲ್ಲಿ ಫೆಸ್ಟಸ್ ತೀರಿಕೊಂಡಾಗ, ಆ ಹೊಲದಂಚಿನಲ್ಲಿ ಗೋರಿ ತೋಡಿದವರ ಗುದ್ದಲಿಗೂ ಒಂದು ಕಲ್ಲೂ ತಗುಲಲಿಲ್ಲ. ಅವನ ತಲೆದೆಸೆಗೆ ನೆಡುವ ಕಲ್ಲನ್ನು ಹನೋರಾ ರೈಲಿನಲ್ಲಿ ತರಿಸಬೇಕಾಯಿತು.