ಕ್ಯಾಮೆರಾ ಕಣ್ಣಿಗೆ ಅರಿಶಿನ

ಕಳೆದ ಬೇಸಿಗೆಯಲ್ಲಿ ದೊಡ್ಡೇರಿ ಕಡೆಯ ನಮ್ಮೂರಿನ ಕೆರೆ ಹೂಳೆತ್ತುವ ಕೆಲಸಕ್ಕೆ ನಾನು ಮೇಟ್ ಆಗಿದ್ದೆ. ಮೇಟ್ ಎಂದರೆ ಕೂಲಿಯವರಿಂದ ಕೆಲಸ ತೆಗೆದು ಹಾಜರಿ ಹಾಕುವವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮೊಮ್ಮಕ್ಕಳನ್ನು ಕಂಡಿದ್ದೇನೆ. ಆದರೂ ಈ ಕೆಲಸ ನನಗೆ ಬರುತ್ತಿತ್ತು. ಬಾರದೆ ಹೋದದ್ದು ನನ್ನ ಫೋನಿಗೆ.

ಹಾಜರಿ ಈಗ ಪುಸ್ತಕದಲ್ಲಿಲ್ಲ. ಬೆಳಗ್ಗೆ ಹನ್ನೊಂದರೊಳಗೆ ಎಲ್ಲರನ್ನೂ ನಿಲ್ಲಿಸಿ ಆಪ್‌ನಲ್ಲಿ ಫೋಟೊ ಹಾಕಬೇಕು. ಹಾಕದಿದ್ದರೆ ದಿನವೆಲ್ಲ ಮಣ್ಣು ಹೊತ್ತವರೂ ಗೈರುಹಾಜರು. ಆ ಆಪ್ ಒಂದು ದಿನ ‘ನಿಮ್ಮ ಆಂಡ್ರಾಯ್ಡ್ ಹಳೆಯದು’ ಎಂದು ಬಾಗಿಲು ಹಾಕಿಕೊಂಡಿತು. ಫೋನ್ ನೆಟ್ಟಗಿತ್ತು. ಗಾಜು ಒಡೆದಿರಲಿಲ್ಲ, ಚಾರ್ಜು ಸಂಜೆವರೆಗೂ ನಿಲ್ಲುತ್ತಿತ್ತು. ನಮ್ಮ ಕೆಲಸ ನೋಡಿಕೊಳ್ಳುವ ಪಂಚಾಯ್ತಿ ಎಂಜಿನಿಯರ್ ಮಾತ್ರ, “ಸೋಮವಾರದೊಳಗೆ ಹೊಸ ಫೋನ್ ತಗೊಳ್ಳಿ ಅಜ್ಜಿ. ಇಲ್ಲಾಂದ್ರೆ ಬೇರೆಯವರನ್ನ ಮೇಟ್ ಮಾಡ್ತೀವಿ” ಎಂದ. ನೆಟ್ಟಗಿರುವುದನ್ನು ಬಿಸಾಡಲು ನನಗೇನು ತಲೆ ಕೆಟ್ಟಿದೆಯೇ?

ಮಧುಗಿರಿ ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಸಿರಾದ ಇಮ್ರಾನ್ ಫೋನನ್ನು ತಿರುಗಿಸಿ ನೋಡಿದ. ಈ ಮಾಡೆಲ್ಲಿಗೆ ಕಂಪನಿ ಹೊಸ ಆಂಡ್ರಾಯ್ಡ್ ಕೊಡುವುದನ್ನು ನಿಲ್ಲಿಸಿದೆಯಂತೆ. ಹೊರಗಿನವರು ಸೇರಿ ಇದಕ್ಕೆ ಹೊಂದುವಂಥ ಹೊಸ ಆಂಡ್ರಾಯ್ಡನ್ನು ಮಾಡಿಟ್ಟಿದ್ದಾರಂತೆ. ಅದರ ಹೆಸರು ಕಸ್ಟಮ್ ರಾಮ್. ಅದನ್ನು ಹಾಕಲು ಕಂಪನಿಯ ಬೀಗ ತೆಗೆಯಬೇಕು. ತೆಗೆದರೆ ಒಳಗಿನ ಫೋಟೊ, ನಂಬರು ಎಲ್ಲ ಅಳಿಸಿಹೋಗುತ್ತವೆ.

“ನಡುವೆ ಕೆಟ್ರೆ ಫೋನ್ ಇಟ್ಟಿಗೆ ಆಗೋಯ್ತದೆ ಅಜ್ಜಿ. ಒಂದೊಂದ್ಸಲ ಕ್ಯಾಮೆರಾನೂ ಸತಾಯಿಸ್ತದೆ. ಆಮೇಲೆ ನನ್ನ ಬಯ್ಬಾರ್ದು.”

“ಕೆಟ್ರೆ ಬಯ್ಯದೆ ಮುತ್ತಿಡ್ತಾರೇನ್ಲಾ? ಹಾಕು.”

ಮಧ್ಯಾಹ್ನದ ಹೊತ್ತಿಗೆ ಆಪ್ ತೆರೆಯಿತು. ಫೋಟೊವನ್ನು ಕೆಲಸದ ಜಾಗದಲ್ಲೇ ತೆಗೆಯಬೇಕಾದ್ದರಿಂದ ಅಂಗಡಿಯಲ್ಲಿ ಅದನ್ನು ಪರೀಕ್ಷಿಸಲಾಗಲಿಲ್ಲ.

ಸೋಮವಾರ ಎಂಜಿನಿಯರ್ ಕೆರೆಯಂಗಳಕ್ಕೇ ಬಂದು ನಿಂತ. “ಹೊಸ ಜೀವ ಬಂದೈತೆ, ಜೋಪಾನ” ಎಂದು ಫೋನನ್ನು ಗಂಗಮ್ಮನ ಕೈಗೆ ಕೊಟ್ಟು, ಅವನಿಗೆ ಗುಂಡಿಯ ಅಳತೆ ತೋರಿಸಿ ಬಂದೆ. ಗಂಗಮ್ಮ ನಮ್ಮ ಜೊತೆ ಮಣ್ಣು ಹೊರುವವಳು, ಬಾಯಿಗಿಂತ ಕೈ ಮುಂದು. ಫೋನ್ ವಾಪಸ್ ತೆಗೆದುಕೊಂಡು, ಹೆಂಗಸರನ್ನು ನಿಲ್ಲಿಸಿ ಫೋಟೊ ತೆಗೆದರೆ ಒಬ್ಬರ ಮುಖವೂ ಇಲ್ಲ, ಬರೀ ಹಳದಿ ಮಬ್ಬು. ಮತ್ತೆ ತೆಗೆದೆ. ಅದೇ ಮಬ್ಬು. ಹನ್ನೊಂದಾಗುತ್ತಾ ಬಂದಿತ್ತು.

“ನಾನು ಹೇಳಿರ್ಲಿಲ್ವಾ?” ಎಂದ ಎಂಜಿನಿಯರ್.

ಇಮ್ರಾನನಿಗೆ ಫೋನ್ ಮಾಡಿ, ಇಡೀ ಕೆರೆಗೆ ಕೇಳುವಂತೆ ಬೈದೆ. ಹಳದಿ ಮಬ್ಬು ಎಂದದ್ದು ಕೇಳಿ ಅವನು, “ಅಜ್ಜಿ, ಫೋನ್ ಹಿಂದೆ ತಿರುಗಿಸಿ, ಕ್ಯಾಮೆರಾ ಗಾಜು ನೋಡಿ” ಎಂದ.

ನೋಡಿದೆ. ಗಾಜಿನ ತುಂಬ ಅರಿಶಿನ, ನಡುವೆ ಕುಂಕುಮದ ಬೊಟ್ಟು. ಹೊಸ ಕೆಲಸ ಶುರುಮಾಡುವಾಗ ಗುದ್ದಲಿಗೆ, ಮಣ್ಣು ಹೊರುವ ಮಂಕರಿಗೆ ಇಡುವುದು ನಮ್ಮಲ್ಲಿ ವಾಡಿಕೆ.

“ಯಾವ ಮುಂಡೇದು ಇದ್ನ ಮಾಡಿದ್ದು?”

“ನಾನೇ ಕಣಕ್ಕ,” ಎಂದಳು ಗಂಗಮ್ಮ. “ಹೊಸ ಜೀವ ಬಂದೈತೆ ಅಂತ ನೀನೇ ಅಂದ್ಯಲ್ಲ. ಕಣ್ಣಿಗೆ ಇಡ್ದೆ ಇನ್ನೆಲ್ಲಿಗೆ ಇಡೋದು?”

“ನಿನ್ ಕಣ್ಣಿಗೆ ಮೆತ್ಕೊಂಡಿದ್ರೆ ಆಗ್ತಿರ್ಲಿಲ್ವೇನೆ?”

ಸೆರಗು ನೆನೆಸಿ ಉಜ್ಜಿದೆ. ಒಣಗಿದ ಅರಿಶಿನ ಸುಲಭಕ್ಕೆ ಬಿಡಲಿಲ್ಲ. ಗಾಜಿನ ಸುತ್ತಲ ಬಳೆಯೊಳಗೆ ಕೂತದ್ದನ್ನು ಉಗುರಿನಿಂದ ಕೆರೆದೆ. ಅಷ್ಟರಲ್ಲಿ ಹೆಂಗಸರೆಲ್ಲ ನೀರು ಕುಡಿಯಲು ಚದುರಿದ್ದರು. ಕೂಗಿ ಕೂಗಿ ಗಂಟಲು ಹರಿಯಿತು. ಎಲ್ಲರೂ ಬಂದು ನಿಂತ ಮೇಲೆ ತೆಗೆದ ಫೋಟೊದಲ್ಲಿ ಒಬ್ಬೊಬ್ಬರ ಮೂಗುತಿಯೂ ಕಂಡಿತು. ಹನ್ನೊಂದು ಹೊಡೆಯುವ ಮುಂಚೆ ಹಾಜರಿ ಹೋಯಿತು. ಎಂಜಿನಿಯರ್ ಫೋನನ್ನು ಇಸಿದುಕೊಂಡು ನೋಡಿ, “ನಡೀಲಿ ಬುಡಿ” ಎಂದು ಬೈಕ್ ಹತ್ತಿದ. ಮೇಟ್ ಕೆಲಸ ನನ್ನ ಹತ್ತಿರವೇ ಉಳಿಯಿತು.

ಇಮ್ರಾನನಿಗೆ ಮತ್ತೆ ಫೋನ್ ಮಾಡಿ ಬೈಗುಳ ವಾಪಸ್ ತೆಗೆದುಕೊಂಡೆ. ಅದನ್ನೇ ಗಂಗಮ್ಮನಿಗೆ ಕೊಟ್ಟೆ.

ಮೇಟ್ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಯಂತ್ರ ಕೆಟ್ಟಿತೆಂದು ಕೂಗುವ ಮುಂಚೆ ಅದು ಯಾರ ಕೈ ಹಾದು ಬಂತೆಂದು ನೋಡಬೇಕು. ಗುದ್ದಲಿ ಮಣ್ಣನ್ನೂ ತಾಳುತ್ತದೆ, ಭಕ್ತಿಯನ್ನೂ ತಾಳುತ್ತದೆ. ಫೋನ್ ಎರಡನ್ನೂ ತಾಳುವುದಿಲ್ಲ.