ಬೆರಳ ತುದಿಯ ಡೀಸೆಲ್

ನಮ್ಮ ಮನೆಯವರು ಇಂಜಿನ್ ಮಿಸ್ತ್ರಿ. ವಾಡಿ, ರಾವೂರ ಕಡೆಯ ಕಲ್ಲಿನ ಗಣಿಗಳಲ್ಲಿ ನೀರೆತ್ತುವ ಡೀಸೆಲ್ ಇಂಜಿನ್‌ಗಳನ್ನು ರಿಪೇರಿ ಮಾಡುತ್ತಲೇ ಅವರ ಕೂದಲು ಬೆಳ್ಳಗಾಯಿತು. ಇಂಜಿನ್ ಕೆಟ್ಟಿತೆಂದರೆ ಮೊದಲು ಪೈಪು ಬಿಚ್ಚಿ, ಬೆರಳಿಗೊಂದು ಹನಿ ಹಚ್ಚಿಕೊಂಡು ಮೂಸಿ, ನಾಲಿಗೆಗೆ ತಾಗಿಸುವರು. ಡೀಸೆಲ್ಲಿಗೆ ನೀರು ಸೇರಿದೆಯೋ ಸೀಮೆಎಣ್ಣೆ ಸೇರಿದೆಯೋ, ಅಲ್ಲೇ ಹೇಳಿಬಿಡುವರು.

"ಸಾರಿಗಿ ಉಪ್ಪು ಹಾಕೀನೋ ಇಲ್ಲೋ ತಿಳ್ಯಾಂಗಿಲ್ಲ, ಡೀಸೆಲ್ ರುಚಿ ಮಾತ್ರ ಛಲೋ ತಿಳೀತದ ನಿಮಗ" ಎಂದು ನಾನು ರೇಗುತ್ತಿದ್ದೆ.

"ನಿನ್ನ ಸಾರು ಹಾಕಿದ್ರ ಇಂಜಿನ್ ಚಾಲೂ ಆಗ್ತದೇನು?" ಎಂದು ನಗುತ್ತಿದ್ದರು.

ಈಚೆಗೆ ಅವರಿಗೆ ಮರೆವು ಶುರುವಾಗಿತ್ತು. ಒಮ್ಮೆ ಚಿತ್ತಾಪುರದ ಸಂತೆಗೆ ಹೋಗಿ ಬಂದವರು ನಮ್ಮ ಮನೆ ಬಿಟ್ಟು ಪಕ್ಕದ ಓಣಿಯ ಯಾರದೋ ಬಾಗಿಲು ತಟ್ಟುತ್ತ ನಿಂತಿದ್ದರು. ಸೇಡಂನಲ್ಲಿರುವ ಮಗಳು ಡಾಕ್ಟರಿಗೆ ತೋರಿಸೋಣ ಎಂದು ಹಟ ಹಿಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ವಯಸ್ಸಾದ ಮೇಲೆ ಯಾರಿಗೆ ಮರೆವಿಲ್ಲ? ಕಸುಬು ನೆನಪಿದೆಯಲ್ಲ, ಅಷ್ಟು ಸಾಕು ಎಂದು ಅವಳ ಬಾಯಿ ಮುಚ್ಚಿಸಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಅವರ ಕಸುಬೊಂದನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಚಿಂಚೋಳಿಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಇಬ್ಬರೂ ಗುಡ್ಡದ ನಡುವಿನ ಕೆರೆ ನೋಡಲು ಹೋದೆವು. ಅಲ್ಲೊಂದು ಡೀಸೆಲ್ ಬೋಟು ಇತ್ತು. ಮಕ್ಕಳೊಂದಿಗೆ ಬಂದಿದ್ದ ಇನ್ನೊಂದು ಸಂಸಾರವೂ ನಮ್ಮ ಜೊತೆ ಹತ್ತಿತು. ಕೆರೆಯ ನಡುವೆ ಬಂದಾಗ ನನ್ನ ಮೂಗಿಗೆ ಘಾಟು ಬಡಿಯಿತು. ಬಗ್ಗಿ ನೋಡಿದರೆ ಬೋಟಿನ ತಳದಲ್ಲಿ ಡೀಸೆಲ್ ಹರಡಿದೆ, ನಮ್ಮವರ ಚಪ್ಪಲಿ ಅದರಲ್ಲೇ ನೆನೆಯುತ್ತಿವೆ. ಅವರು ಮಾತ್ರ ಆರಾಮಾಗಿ ಗುಡ್ಡ ನೋಡುತ್ತ ಕುಳಿತಿದ್ದರು.

ನಾನು ಕೂಗಿದೆ. ಬೋಟಿನವನು ಇಂಜಿನ್ ಬಂದ್ ಮಾಡಿ ಮೇಲಿನ ಹಲಗೆ ಎತ್ತಿದ. ಟ್ಯಾಂಕಿನಿಂದ ಬರುವ ಪೈಪು ಸೀಳಿ ಹನಿ ಹನಿ ಸೋರುತ್ತಿತ್ತು.

"ಯಾರೂ ಬೀಡಿ-ಗೀಡಿ ಹಚ್ಚಬ್ಯಾಡ್ರಿ" ಎಂದ. ಮಕ್ಕಳ ತಾಯಿ ಮಕ್ಕಳನ್ನು ಅವಚಿಕೊಂಡಳು.

"ಯಾಕ ಹೆದರ್ತೀರಿ? ನಮ್ಮವರು ಮಿಸ್ತ್ರಿ ಅದಾರ" ಎಂದು ನಾನು ಜಂಬದಿಂದಲೇ ಹೇಳಿದೆ.

ಬೋಟಿನವನು ಪಕ್ಕಕ್ಕೆ ಸರಿದು, "ಬರ್ರಿ ಕಾಕಾ, ನೀವೇ ನೋಡ್ರಿ" ಎಂದ.

ನಮ್ಮವರು ಇಂಜಿನ್ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಹನಿಯನ್ನು ಬೆರಳಿಗೆ ಹಿಡಿದರು, ಮೂಸಿದರು, ನಾಲಿಗೆಗೆ ತಾಗಿಸಿದರು. ಅದನ್ನು ನೋಡಿಯೇ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಇದು ನೀರು ಅದ" ಎಂದರು. "ಬೋಟಿನ್ಯಾಗ ನೀರು ಬರಲಾರದ ಮತ್ತೇನು ಬರ್ತದ?"

ಎಲ್ಲರೂ ನಕ್ಕರು. "ಕಾಕಾ ಭಾಳ ಮಜಾಕ್ ಮಾಡ್ತಾರ" ಎಂದು ಬೋಟಿನವನೂ ನಕ್ಕ. ಯಾರಿಗೂ ತಿಳಿಯಬಾರದೆಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಮ್ಮವರು ಒಬ್ಬೊಬ್ಬರ ಮುಖ ನೋಡಿದರು. ಯಾಕೆ ನಗುತ್ತಿದ್ದೇವೆಂದು ಅವರಿಗೆ ತಿಳಿಯಲಿಲ್ಲ. ಆಮೇಲೆ ತಾವೂ ನಕ್ಕರು.

ಬೋಟಿನವನು ಹಳೇ ಟ್ಯೂಬಿನ ಪಟ್ಟಿ ಕತ್ತರಿಸಿ ಪೈಪಿಗೆ ಬಿಗಿಯಾಗಿ ಸುತ್ತಿದ. ಇಂಜಿನ್ ಮತ್ತೆ ಚಾಲೂ ಆಗಿ ಬೋಟು ನಿಧಾನಕ್ಕೆ ದಂಡೆಯ ಕಡೆ ತಿರುಗಿತು. ನಾನು ಸೆರಗಿನಿಂದ ಅವರ ತುಟಿ ಒರೆಸಿದೆ.

"ಬಾಯಿ ಕೆಟ್ಟದೇನ್ರಿ?"

"ಇಲ್ಲಲ್ಲ. ಯಾಕ?"

ದಂಡೆಗೆ ಬಂದು ಅವರನ್ನು ಕಲ್ಲಿನ ಮೇಲೆ ಕೂರಿಸಿ ಮಗಳಿಗೆ ಫೋನ್ ಹಚ್ಚಿದೆ. ನಾಳೆಯೇ ಬಾ, ಡಾಕ್ಟರ ಕಡೆ ಹೋಗೋಣ ಎಂದೆ. ಅವಳು ಗಾಬರಿಯಾದಳು.

"ಯಾಕವ್ವಾ? ಅಪ್ಪ ಎಲ್ಲಿ ಹ್ವಾದ?"

"ಎಲ್ಲೀ ಹೋಗಿಲ್ಲವ್ವಾ, ನನ್ನ ಬಾಜೂಕೇ ಕುಂತಾರ" ಎಂದೆ. "ಮಿಸ್ತ್ರಿ ಹ್ವಾದರು."